ಹಿಂಬದಿ ನೋಡಿ

ನನ್ನದು ತೂಕ ಬರೆಯುವ ಕೆಲಸ.
ಐದಕ್ಕೆ ದೋಣಿ ದಡ ಮುಟ್ಟಿದರೆ ಐದಕ್ಕೆ ನಾನು,
ತಕ್ಕಡಿ, ಕಿವಿಯ ಮೇಲೊಂದು ಪೆನ್ಸಿಲು.
ಎಂಬುಟಾ ಎಷ್ಟು, ಒಮೆನಾ ಎಷ್ಟು,
ಯಾರ ಬಲೆ, ಯಾವ ಕಡೆಯ ಗಾಳಿ.

ಈ ಸಲ ಕಿಸುಮುವಿನಿಂದ ಹೊಸ ಹಾಳೆ ಬಂದಿದೆ.
ಕೊನೆಯ ಕಾಲಂ: ಮೀನು ಇಳಿದಿದ್ದರೆ, ಕಾರಣ.
ಅಗಲ, ನನ್ನ ಹೆಬ್ಬೆರಳಿನಷ್ಟು.

ಬಲೆಯ ಕಣ್ಣು ಸಣ್ಣದಾಯಿತು, ಎಂದು ಬರೆಯಲೆ?
ಕಣ್ಣು ಸಣ್ಣದಾದದ್ದು ಮೀನು ಸಣ್ಣದಾದ್ದಕ್ಕೆ,
ಮೀನು ಸಣ್ಣದಾದದ್ದು ಬಲೆಯ ಕಣ್ಣಿಗೆ.
ಜಗಳವಾಡಿದ ಅಣ್ಣತಮ್ಮಂದಿರಂತೆ
ಇವನು ಅವನ ಕಡೆ, ಅವನು ಇವನ ಕಡೆ ಬೆರಳು.

ಹಾಳೆ ಮಗುಚಿದೆ. ಹಿಂಬದಿ ಖಾಲಿ.
ಅಲ್ಲಿ ಬಾಣ ಬಿಡಿಸತೊಡಗಿದೆ.

ನನ್ನಜ್ಜ ಹುಟ್ಟಿದಾಗ ಎಂಬುಟಾ ಇರಲಿಲ್ಲ ಇಲ್ಲಿ.
ಯಾರೋ ತಂದು ಬಿಟ್ಟರಂತೆ,
ಕೆರೆಯೇ ಸಮುದ್ರದಷ್ಟಿದೆ, ಮೀನೂ ದೊಡ್ಡದಿರಲಿ ಎಂದು.
ಅದು ಫುಲುಗಳನ್ನು ತಿಂದಿತು,
ಬೆರಳುದ್ದದ, ಬಣ್ಣಬಣ್ಣದ ಫುಲುಗಳನ್ನು.
ಫುಲುಗಳು ಪಾಚಿ ಕೆರೆದು ತಿನ್ನುತ್ತಿದ್ದವು.
ಈಗ ಪಾಚಿಗೆ ಹೇಳುವವರಿಲ್ಲ, ಕೇಳುವವರಿಲ್ಲ.
ಎಂಬುಟಾದ ತಿರುಳು ವಿಮಾನ ಹತ್ತುತ್ತದೆ,
ತಲೆ, ಬಾಲ, ನಡುವಿನ ಮುಳ್ಳುಹಂದರ ನಮಗೆ.
ಫುಲುವಾಗಿದ್ದರೆ ಬಿಸಿಲೇ ಒಣಗಿಸುತ್ತಿತ್ತು;
ಇದು ಜಿಡ್ಡಿನ ಮೀನು, ಹೊಗೆ ಬೇಕು,
ಹೊಗೆಗೆ ಸೌದೆ, ಸೌದೆಗೆ ಗುಡ್ಡ,
ಬೋಳು ಗುಡ್ಡದ ಮಣ್ಣು ಮಳೆಗೆ,
ಮಳೆ ಕೆರೆಗೆ, ಕೆರೆ ಮತ್ತೆ ಪಾಚಿಗೆ.
ಸತ್ತ ಪಾಚಿ ತಳ ಸೇರಿದರೆ
ಅಲ್ಲಿ ಮೀನಿಗೆ ಉಸಿರಿಲ್ಲ.

ಅಪೊಂಡಿ ಹೆಗಲ ಮೇಲಿಂದ ಬಗ್ಗಿ ನೋಡಿದಳು.
ಮೀನಿಗೆ ಹೊಗೆ ಹಾಕಿ ಬಂದವಳು, ಕಣ್ಣು ಕೆಂಪು.
"ಇದರಲ್ಲಿ ನಾನೆಲ್ಲಿ, ಓಬುಯಾ?"

ಬೇಕಂತಲೇ ಬಿಟ್ಟಿದ್ದೆ ಅವಳನ್ನು.
ಸೌದೆ ಎಂದು ಬರೆದಿದ್ದೆ, ಉರಿಸುವ ಕೈ ಬರೆದಿರಲಿಲ್ಲ.
ಅವಳೇ ಎಣ್ಣೆ ಮೆತ್ತಿದ ಹೆಬ್ಬೆರಳು ಒತ್ತಿ
"ಇಲ್ಲಿ" ಅಂದಳು.

"ಇದನ್ನೂ ಬರಕೋ. ಹೋದ ವರ್ಷ ಹೊಸ ಒಲೆ ಕೊಟ್ಟರಲ್ಲ,
ಅರ್ಧ ಸೌದೆ ಸಾಕು ಅಂತ? ಸಾಕಾಯ್ತು, ಸುಳ್ಳಲ್ಲ.
ಖರ್ಚು ಇಳಿದದ್ದು ನೋಡಿ ನನ್ನ ನಾದಿನಿ ಒಂದು ಹೂಡಿದಳು,
ಅವಳ ಗೆಳತಿ ಎರಡು.
ಒಂದು ಹೊಗೆ ಏಳುತ್ತಿದ್ದ ಕಡೆ ಈಗ ಏಳು.
ಗುಡ್ಡಕ್ಕೆ ಈ ಲೆಕ್ಕ ಯಾರು ಹೇಳಿದರು?"

ಹಾಗಾದರೆ ಒಲೆಯೇ ಕೆಟ್ಟದ್ದೆ, ಎಂದೆ.

"ಥೂ, ಒಳ್ಳೇ ಒಲೆ. ನನ್ನ ಕೆಮ್ಮು ನಿಂತಿದೆ.
ಅದಕ್ಕೂ ಒಂದು ಬಾಣ ಹಾಕು."

ಹಾಕಿದೆ. ಸೋಲಾರ್ ದೀಪಕ್ಕೆ ಒಂದು:
ಸೀಮೆಎಣ್ಣೆ ಉಳಿಯಿತು, ಒಮೆನಾಕ್ಕೆ ಕತ್ತಲೆ ಉಳಿಯಲಿಲ್ಲ.
ಮೊಬೈಲಿಗೆ ಒಂದು: ಪೇಟೆಯ ದರ ಏರಿದ ಸುದ್ದಿಗೆ
ಕೆಟ್ಟ ಗಾಳಿಯಲ್ಲೂ ದೋಣಿ ಇಳಿಯುತ್ತದೆ.
ಅಂತರಗಂಗೆಗೆ ಎರಡು, ಒಂದು ಹೋಗುವುದು, ಒಂದು ಬರುವುದು:
ದೋಣಿಯ ದಾರಿ ಕಟ್ಟುತ್ತದೆ, ಮರಿಮೀನು ಬಚ್ಚಿಡುತ್ತದೆ.

ಬಾಣದ ಮೇಲೆ ಬಾಣ ಬಿದ್ದು ಹಾಳೆ ಮುಳ್ಳುಹಂದಿಯಾಯಿತು.
"ಮತ್ತೆ ನೀನೆಲ್ಲಿ?" ಅಂದಳು ಅಪೊಂಡಿ.

ನಾನು? ನಾನು ಬರೀ ತೂಗುವವನು.

ಅವಳು ಆಪು ಬೆಳೆದ ಮೂಲೆಯ ಕಡೆ ಗಲ್ಲ ಎತ್ತಿದಳು.
ಗೊತ್ತಿತ್ತು ನನಗೂ.
ಸಣ್ಣ ಕಣ್ಣಿನ ಬಲೆಯವರು ನನ್ನ ತಕ್ಕಡಿ ಕಂಡು
ಆ ಮರೆಯಲ್ಲಿ ಮೀನಿಳಿಸುತ್ತಾರೆ, ನಸುಕಿಗೂ ಮೊದಲು.
ನನ್ನ ಪುಸ್ತಕದಲ್ಲಿ ಇಳಿದ ಮೀನಿನಲ್ಲಿ
ನಾನು ಇಳಿಸಿದ್ದೆಷ್ಟೋ.

ಕಿವಿಯಿಂದ ಶುರುವಾಗುವ ಒಂದು ಬಾಣ ಎಳೆದೆ.

ಅಷ್ಟರಲ್ಲಿ ದೋಣಿ ಬಂತು. ಹಾಳೆ ತಿರುಗಿಸಿ
'ಹಿಂಬದಿ ನೋಡಿ' ಎಂದು ಬರೆಯಹೋದರೆ
ಅಪೊಂಡಿಯ ಹೆಬ್ಬೆರಳು ಈಚೆಗೆ ಇಳಿದಿತ್ತು,
ಕಾರಣದ ಕಾಲಂ ತುಂಬ ಎಣ್ಣೆ.
ಪೆನ್ಸಿಲು ಜಾರುತ್ತದೆ, ಅಕ್ಷರ ಕೂರುವುದಿಲ್ಲ.

ಎಂಬುಟಾ, ಹನ್ನೊಂದು ಕಿಲೊ.
ಗಾಳಿ, ತೆಂಕಣದ್ದು.